ಮುಚ್ಚಳದ ಒಳಮೈ

ಡಿಲಿಸ್ ರಿಮ್ಮರ್ ಅದನ್ನು ಕಾಲುಚೀಲದಲ್ಲಿ ಸುತ್ತಿ ತಂದಿದ್ದಳು.
"ಓಡುತ್ತಲೇ ಇತ್ತು, ರಿಪೇರಿ ಮಾಡಿಸುವ ತನಕ" ಅಂದಳು.
ಪ್ರೆಸ್ಕಾಟ್ ಪೇಟೆಯಲ್ಲಿ ಎಲ್ಲರೂ ಹೇಳುವ ಮಾತು.

ಬೆಳ್ಳಿ ಡಬ್ಬಿ, ಬಿಳಿ ಮುಖ,
ಏಳರ ಪಕ್ಕ ಕೂದಲೆಳೆ ಬಿರುಕು.
ಒಳಗೆ ಶಂಖದಂಥ ಗಾಲಿ, ಅದಕ್ಕೆ ಸುತ್ತಿದ ಸರಪಳಿ,
ಇರುವೆ ಸಾಲಿಗಿಂತ ತೆಳುವು.
ಭೂತಗನ್ನಡಿ ಕಣ್ಣಿಗೆ ಸಿಕ್ಕಿಸಿ ಬಗ್ಗಿದೆ.
ಮೊದಲು ಕಂಡದ್ದು ಗಡಿಯಾರವಲ್ಲ,
ಗಡಿಯಾರಕ್ಕೆ ಆದದ್ದು.

ಸ್ಕ್ರೂಗಳ ತಲೆ ಇಲಿ ಕಡಿದ ಕೊಬ್ಬರಿ.
ಒಂದಂತೂ ಇದರದ್ದೇ ಅಲ್ಲ, ಯಾವುದೋ ಅಲಾರಾಮಿನಿಂದ ಕಿತ್ತು
ಹಟ ಹಿಡಿದು ತಿರುಪಿದ್ದು.
ಮೂರನೆಯ ಗಾಲಿಯ ತೂತು ಸವೆದಿತ್ತು ಅಂತ
ಸುತ್ತಲೂ ಉಳಿಯಲ್ಲಿ ಕುಕ್ಕಿ ಕುಕ್ಕಿ ಕಿರಿದು ಮಾಡಿದ್ದಾನೆ;
ಹಿತ್ತಾಳೆಗೆ ಸಿಡುಬು ಎದ್ದ ಹಾಗಿದೆ.
ಹೊಸ ಬುಷ್ ಕೂರಿಸಲು ಒಂದು ಮಧ್ಯಾಹ್ನ ಸಾಕಿತ್ತಲ್ಲ, ಪುಣ್ಯಾತ್ಮ!

ಬೇಗ ಓಡುತ್ತದೆಂದು ಒಬ್ಬ ಚಕ್ರದ ಅಂಚಿಗೆ ಸೀಸ ಹನಿಸಿದ.
ನಿಧಾನವಾಯಿತೆಂದು ಇನ್ನೊಬ್ಬ ಸ್ಪ್ರಿಂಗಿನ ತುದಿ ಕತ್ತರಿಸಿದ.
ಒಬ್ಬನ ತಪ್ಪಿಗೆ ಇನ್ನೊಬ್ಬನ ತಪ್ಪು ತೇಪೆ.
ಎರಡೂ ಸೇರಿ ಎಷ್ಟು ವರ್ಷ
ಸರಿಯಾದ ಹೊತ್ತನ್ನೇ ತೋರಿಸಿದವೋ ಏನೋ.

ಮುಚ್ಚಳದ ಒಳಮೈ ನಮ್ಮ ಕಸುಬಿನ ಹಾಜರಿ ಪುಸ್ತಕ.
ಬಂದವರೆಲ್ಲ ಸೂಜಿಯಲ್ಲಿ ಗೀಚಿ ಹೋಗುತ್ತಾರೆ.
ಜೆ. ಎಚ್., ೧೮೮೩.
ಒಂದು ತ್ರಿಕೋನ.
೪೪೧೭, ಯಾರದೋ ಲೆಕ್ಕ.
ಡಬ್ಲ್ಯೂ. ಟಿ., ೫/೪೧.

ನಲವತ್ತೊಂದರ ಮೇ.
ಪಕ್ಕದ ಲಿವರ್‌ಪೂಲ್ ರಾತ್ರಿ ರಾತ್ರಿ ಉರಿದ ಮೇ.
ಈಗ ಕಂಬದ ಪಿನ್ನು ಕಣ್ಣಿಗೆ ಬಿತ್ತು:
ಹಿತ್ತಾಳೆಯದಲ್ಲ, ಹೊಲಿಗೆ ಸೂಜಿಯ ತುಂಡು.
ಒಂದು ಕಡೆ ಅರ್ಧ ಕಣ್ಣು ಹಾಗೇ ಉಳಿದಿದೆ.
ಮತ್ತೊಂದು ಕಡೆಯನ್ನು ಅಷ್ಟು ನಯವಾಗಿ ಉಜ್ಜಿದ್ದಾನೆ,
ಎಂಥ ಬೆಳಕಲ್ಲಿ ಉಜ್ಜಿದನೋ.
ಬೈಯಲು ತೆರೆದ ಬಾಯಿ ತೆರೆದೇ ಇತ್ತು.

ಹಾಗೆ ನೋಡಿದರೆ ಉಳಿಯಲ್ಲಿ ಕುಕ್ಕಿದವನೂ
ಇವನೇ ಇರಬಹುದು. ಕೇಳೋಣವೆಂದರೆ ಯಾರಿದ್ದಾರೆ.

ಸೀಸ ಕೆರೆದೆ. ಗಡಿಯಾರ ಬೆಚ್ಚಿದ ಕುದುರೆ,
ದಿನಕ್ಕೆ ಹದಿನೆಂಟು ನಿಮಿಷ ಮುಂದೆ.
ಸತ್ತ ಗಡಿಯಾರವೊಂದರ ಸ್ಪ್ರಿಂಗು ತಂದು ಕಸಿ ಮಾಡಿದೆ.
ಹಾಳಾದ ತೂತು ಕೊರೆದು ಬುಷ್ ಕೂರಿಸಿದೆ.
ಸಿಡುಬಿನ ಕಲೆ ಹೋಗಲಿಲ್ಲ; ಉಜ್ಜುತ್ತ ಕೂತರೆ ತಟ್ಟೆಯೇ ತೆಳುವಾಗುತ್ತದೆ.
ಸೂಜಿಯನ್ನು ತೆಗೆದೆ, ತೊಳೆದೆ,
ಅದರ ಜಾಗಕ್ಕೇ ಹಾಕಿದೆ.

ಕೊನೆಗೆ ಮುಚ್ಚಳದೊಳಗೆ ನನ್ನ ಗುರುತು.
ಎರಡನೆಯ ಅಕ್ಷರಕ್ಕೆ ಕೈ ಜಾರಿತು.
ಜೆ. ಎಚ್.ನ ಎದೆಯ ಮೇಲೆ ಹಾದು
ಅಂಚಿನವರೆಗೂ ಒಂದು ಗೆರೆ.
ಮೂವತ್ತೊಂದು ವರ್ಷದ ಕೈ.

ಡಿಲಿಸ್ ಬಂದಳು. ಕಿವಿಗೆ ಹಿಡಿದಳು.
"ದಿನಕ್ಕೆ ಎರಡು ನಿಮಿಷ ಹಿಂದೆ ಬೀಳುತ್ತೆ" ಅಂದೆ.
"ನನಗಿಂತ ವಾಸಿ" ಅಂದಳು.
ಬಿಲ್ಲಿನಲ್ಲಿ ಐದು ಪೌಂಡು ಕಳೆದಿದ್ದೆ. ಯಾಕೆಂದು ಕೇಳಿದಳು.
"ಸೂಜಿಯ ಲೆಕ್ಕ" ಅಂದೆ.
ಅವಳು ಮುಚ್ಚಳ ತೆರೆಯಲಿಲ್ಲ,
ಕಾಲುಚೀಲದೊಳಗೆ ಇಳಿಬಿಟ್ಟು ಬಸ್ಸಿಗೆ ಓಡಿದಳು.