ಇಷ್ಟಕ್ಕೆ ಇಷ್ಟಾದರೆ

ಮೇಘನಾ ನದಿಯ ನಡುವೆ ಎದ್ದ ಮರಳದಿಬ್ಬ,
ವಯಸ್ಸು ಮೂರು ಮಳೆಗಾಲ. ಭೂಪಟದಲ್ಲಿ ಇನ್ನೂ ನೀರು.
ದೋಣಿಯಿಳಿದು ಸೀರೆ ಎತ್ತಿಕಟ್ಟಿ ನಡೆದೆ.
ಚೀಲದಲ್ಲಿ ಉಪ್ಪು, ಬೆಲ್ಲ, ಗೆರೆ ಕೊರೆದ ತಗಡಿನ ಲೋಟ,
ಮತ್ತು ರಿಜಿಸ್ಟರು.

ನನ್ನ ಸಂಬಳವೂ ಒಂದು ದರವೇ: ತಲೆಗಿಷ್ಟು.
ತಿಂಗಳು ಕಳೆದ ಮೇಲೆ ಇನ್‌ಸ್ಪೆಕ್ಟರ್ ಬಂದು ಕೇಳುತ್ತಾನೆ,
ಮನೆಯಾಕೆ ಒಪ್ಪಿಸಬೇಕು.
ತಪ್ಪಿಲ್ಲದಿದ್ದರೆ ನಾಲ್ಕು ಟಾಕಾ, ಅರ್ಧಂಬರ್ಧಕ್ಕೆ ಎರಡು,
ತಪ್ಪಿದರೆ ಸೊನ್ನೆ.

ಹಾಜೆರಾಳ ಅಂಗಳದಲ್ಲಿ ಹನ್ನೊಂದು ಹೆಂಗಸರು.
ಭೇದಿ ಹಿಡಿದವರಿಗೆ, ಅಂದೆ,
ಮೂರು ಬೆರಳ ಚಿಟಿಕೆ ಉಪ್ಪು, ಮೊದಲ ಗೆಣ್ಣಿನ ತನಕ.
ಒಂದು ಹಿಡಿ ಬೆಲ್ಲ. ಅಚ್ಚೇರು ನೀರು.

ಶಾಲೆಯಲ್ಲಿ ಅನುಪಾತವೆಂದರೆ
ಎರಡು ಅಂಕಿ, ನಡುವೆ ಒಂದರ ಮೇಲೊಂದು ಕೂತ ಎರಡು ಚುಕ್ಕಿ.
ಇಲ್ಲಿ ಅದಕ್ಕೆ ಉಗುರಿದೆ, ಉಗುರೊಳಗೆ ಮಣ್ಣಿದೆ,
ಮೊದಲು ಕೈ ತೊಳೆದುಕೊಳ್ಳಿ ಅನ್ನಬೇಕು.
"ಬೇಳೆಗೆ ಉಪ್ಪು ಹಾಕಿದ ಹಾಗೇ ತಾನೇ?" ಅಂದಳು ಮುದುಕಿ ಗುಲ್‌ಬಾನು.
ಅಲ್ಲ ಖಾಲಾ. ಬೇಳೆ ಕ್ಷಮಿಸುತ್ತದೆ.

ಹಾಜೆರಾಳ ಮಗಳು ಜೊಯ್ತುನ್, ಎಂಟೋ ಒಂಬತ್ತೋ,
ತಮ್ಮನನ್ನು ಸೊಂಟಕ್ಕೇರಿಸಿ ಎಲ್ಲರ ಹಿಂದೆ ನಿಂತಿದ್ದಳು.
ಅವಳ ಹೆಸರು ಬರೆದುಕೊಳ್ಳಲಿಲ್ಲ.
ಮಕ್ಕಳಿಗೆ ದರವಿಲ್ಲ.

ಒಂಬತ್ತನೆಯ ದಿನ ದೋಣಿಯವ ದಡದಿಂದಲೇ ಕೂಗಿದ:
ಹಾಜೆರಾಳಿಗೇ ಹಿಡಿದಿದೆ, ನಿನ್ನೆ ರಾತ್ರಿಯಿಂದ.
ಗಂಡ ಹಿಲ್ಸಾ ಹಿಡಿಯಲು ಕಡಲಿಗೆ ಹೋದವ.

ನೀರಿನುದ್ದಕ್ಕೂ ಲೆಕ್ಕ ಹಾಕಿದೆ.
ಬೆರೆಸಿ ಕೊಡುವ ಕೈ ಯಾವುದು? ಆ ಹುಡುಗಿಯದು.
ಆ ಚಿಟಿಕೆ ಎಷ್ಟು, ಆ ಹಿಡಿ ಎಷ್ಟು!
ನನ್ನದರ ಅರ್ಧವಾದರೆ ಹೆಚ್ಚು.
ನೀರು ಮಾತ್ರ ಅಚ್ಚೇರು.
ಬರೀ ನೀರು ಕುಡಿಸುತ್ತಿದ್ದಾಳೆ ತಾಯಿಗೆ,
ನಾನು ಬಾಯಿಪಾಠ ಮಾಡಿಸಿದ ಹಾಗೆಯೇ, ಅಕ್ಷರ ತಪ್ಪದೆ.
ಬೇಗ ಹುಟ್ಟು ಹಾಕೋ ಮಾರಾಯ.

ಚಾಪೆಯ ಮೇಲೆ ಹಾಜೆರಾ, ಕಣ್ಣು ಗುಳಿಬಿದ್ದು,
ಆದರೆ ಕಣ್ಣು ತೆರೆದು.
ಗಳುವಿನ ಗೋಡೆಗೆ ಇದ್ದಿಲಿನ ಗೀಟುಗಳು:
ಎಡಕ್ಕೆ ಅಮ್ಮ ಹೊರಗೆ ಹೋದದ್ದು, ಬಲಕ್ಕೆ ಕುಡಿದದ್ದು.
ಗಡಿಯಾರ ಇಲ್ಲದ ಮನೆ;
ಒಂದು ಆಜಾನಿನಿಂದ ಇನ್ನೊಂದಕ್ಕೆ ಅಡ್ಡಗೆರೆ ಎಳೆದಿದ್ದಾಳೆ.
ಮೊದಲ ಮನೆಯಲ್ಲಿ ಎಡಕ್ಕೆ ಹನ್ನೊಂದು.
ಆಮೇಲೆ ಏಳು.
ಈಗ ಮೂರು.

ಬೆರಳದ್ದಿ ರುಚಿ ನೋಡಿದೆ. ಸರಿಯಿತ್ತು.
ಸರಿಯಿರಲು ಸಾಧ್ಯವೇ ಇರಲಿಲ್ಲ.
"ನೀರೆಷ್ಟು ಹಾಕಿದೆ?"
ತೆಂಗಿನ ಕರಟ ಎತ್ತಿ ತೋರಿಸಿದಳು. "ಒಂದು ಪಾವು."
"ಅಚ್ಚೇರು ಅಂದಿರಲಿಲ್ಲವಾ ನಾನು?"
ಅವಳು ಎದ್ದು ಬಂದು
ತನ್ನ ಅಂಗೈಯನ್ನು ನನ್ನ ಅಂಗೈಗೆ ಒತ್ತಿದಳು, ಮಣಿಕಟ್ಟಿಗೆ ಮಣಿಕಟ್ಟು ಸೇರಿಸಿ.
ಅವಳ ಬೆರಳ ತುದಿ
ನನ್ನ ಬೆರಳ ಮೊದಲ ಗೆಣ್ಣಿಗೆ ನಿಂತಿತು.
"ಅದು ನಿಮ್ಮ ಕೈಗೆ."

ಇಷ್ಟಕ್ಕೆ ಇಷ್ಟಾದರೆ ಅಷ್ಟಕ್ಕೆ ಎಷ್ಟು?
ಮೇಷ್ಟ್ರು ಬೆತ್ತ ಬೀಸಿ ಕಲಿಸಿದ್ದು.
ಹತ್ತು ಆಳು ಆರು ದಿನ ಕೆರೆ ತೋಡಿದರೆ, ಎಂದು ಶುರುವಾಗುತ್ತಿತ್ತು,
ಆ ಆಳುಗಳಿಗೆ ಕೈಯಿತ್ತೆಂದು ನಾನು ಎಣಿಸಿರಲೇ ಇಲ್ಲ.

ತಿಂಗಳಿಗೆ ಇನ್‌ಸ್ಪೆಕ್ಟರ್ ಬಂದ.
ಹಾಜೆರಾ ಬಾಯಿ ತೆರೆಯುವಷ್ಟರಲ್ಲಿ ಜೊಯ್ತುನ್ ಒಪ್ಪಿಸಿಬಿಟ್ಟಳು:
ಚಿಟಿಕೆ, ಹಿಡಿ, ಒಂದು ಪಾವು.
ಸೊನ್ನೆ ಬರೆದ.
ಅಂಗಳದಲ್ಲೇ ವಾದಿಸಿದೆ, ಕೈಗೆ ಕೈ ಹಿಡಿದು ತೋರಿಸಿದೆ.
ನಿಯಮ ನಿಯಮವೇ ಅಂದ.
ಅವನ ಕೈ ನನ್ನದಕ್ಕಿಂತ ದೊಡ್ಡದು.

ಎರಡು ಮಳೆಗಾಲದ ಮೇಲೆ ಮತ್ತೆ ಅತ್ತ ಹೋದೆ.
ದಿಬ್ಬದ ಅರ್ಧ ಹೊಳೆ ಪಾಲಾಗಿತ್ತು;
ಮನೆ ಬಿಚ್ಚಿ ಇನ್ನೊಂದು ತುದಿಗೆ ಕಟ್ಟಿಕೊಂಡಿದ್ದರು,
ಇದ್ದಿಲ ಗೀಟಿನ ಗೋಡೆ ಈಗ ಕೋಳಿಗೂಡಿಗೆ.
ಗೂಟದಲ್ಲಿ ಕರಟ ಇರಲಿಲ್ಲ, ಅಲ್ಯೂಮಿನಿಯಂ ಲೋಟವೊಂದು ತೂಗುತ್ತಿತ್ತು.
ನಾನು ಕೇಳುವ ಮೊದಲೇ
ಜೊಯ್ತುನ್ ಕೈ ಚಾಚಿದಳು, ಅಳೆದುಕೊಳ್ಳಿ ಎನ್ನುವಂತೆ.
"ಈಗ ಆರು ಚಟಾಕು."