ನಾಲ್ಕು ಕುರಿ, ಮೇಲೊಂದು ಆಡು

ನಾಲ್ಕು ಕುರಿ, ಮೇಲೊಂದು ಆಡು:
ನ್ಯಾಮ್‌ಸುರೆನ್ ತನ್ನ ಅಂಗಡಿಯ ಗಾಜಿನ ಪೆಟ್ಟಿಗೆಯಲ್ಲಿಟ್ಟ
ಹೊಸ ಫೋನಿನ ಬೆಲೆ.
ಅವನೇನೋ ಚೀಟಿಯ ಮೇಲೆ ತುಗ್ರಿಕ್‌ನಲ್ಲಿ ಬರೆದಿದ್ದಾನೆ, ಸೊನ್ನೆಗಳ ಸಾಲು.
ನನಗೆ ಸೊನ್ನೆ ಕಂಡರೆ ದೊಡ್ಡಿ ಕಂಡ ಹಾಗೆ,
ಒಂದೊಂದರೊಳಗೂ ಗೊತ್ತಿರುವ ಮುಖ.

ನನ್ನದು ಐದು ಚಳಿಗಾಲ ಕಂಡ ಫೋನು.
ಗಾಜಿನ ಎಡಮೂಲೆಯಿಂದ ಬಿರುಕು.
ಒಂಟೆ ತುಳಿಯಿತೇ ಎಂದು ಎಲ್ಲರೂ ಕೇಳುತ್ತಾರೆ;
ಇಲ್ಲ, ಚಹಾದ ಪಾತ್ರೆ ಬಿತ್ತು.
ಗೋಬಿಯ ಗಾಳಿ ಮೈನಸ್ ಮೂವತ್ತಕ್ಕಿಳಿದರೆ
ಅರವತ್ತು ಪರ್ಸೆಂಟ್ ಇದ್ದೇನೆ ಅನ್ನುತ್ತಲೇ
ಕಣ್ಣು ಮುಚ್ಚಿಬಿಡುತ್ತದೆ.
ಆಗ ಕಂಕುಳಲ್ಲಿಟ್ಟುಕೊಳ್ಳುತ್ತೇನೆ, ಆಗತಾನೇ ಹುಟ್ಟಿದ ಮರಿಯನ್ನಿಟ್ಟ ಹಾಗೆ.
ಎದ್ದ ಮೇಲೂ ಕೈಗವಸು ತೆಗೆಯುವಂತಿಲ್ಲ,
ಮೂಗಿನ ತುದಿಯಿಂದ ಒತ್ತುತ್ತೇನೆ.
ತಂಗಿ ತ್ಸೊಲ್ಮೊನ್‌ಗೆ ಹೋದ ಮೆಸೇಜುಗಳಲ್ಲಿ
ಅರ್ಧ ಅಕ್ಷರ ನನ್ನವು,
ಅರ್ಧ ನೆಗಡಿಯವು.

ಹೊಸದು ಮುಖ ನೋಡಿ ಬಾಗಿಲು ತೆಗೆಯುತ್ತದಂತೆ.
ಅಕ್ಟೋಬರಿನಿಂದ ಏಪ್ರಿಲ್‌ವರೆಗೆ ಮನೆಯಾಚೆ ನನ್ನ ಮುಖ
ನಮ್ಮ ನಾಯಿಗೂ ಗೊತ್ತಿಲ್ಲ,
ಅದು ಮಫ್ಲರ್ ನೋಡಿ ಬಾಲ ಆಡಿಸುತ್ತದೆ.
ಹೊಸದರಲ್ಲಿ ಜಾಗ ಬೇಕಾದಷ್ಟು.
ಇದು ನಿಜ, ಒಪ್ಪಬೇಕು:
ಹಳೆಯದರಲ್ಲಿ ಒಂದು ಫೋಟೋ ಬರಬೇಕಾದರೆ ಒಂದು ಹೋಗಬೇಕು.
ಹಾಸ್ಟೆಲಿನಿಂದ ಮಗಳು ಕಳಿಸಿದ ಹೊಸ ಜಡೆಗಾಗಿ
ಮೊನ್ನೆ ಒಂದು ಕುದುರೆಯನ್ನು ಅಳಿಸಿದೆ.
ಅದು ದೊಡ್ಡಿಯಲ್ಲೇ ಇದೆ, ಸುಖವಾಗಿದೆ,
ಆದರೂ ಒಂದು ದಿನ ಅದರ ಕಣ್ಣು ತಪ್ಪಿಸಿದೆ.

ಲಗ್ವಾ ಹೇಳಿದ: ಕೂಗಿದರೆ ಕೇಳುತ್ತದೆ ತಾನೇ, ಇನ್ನೇನು ಬೇಕು?
ಮಾತು ಅಷ್ಟೇ. ಆಮೇಲೆ ತಾನೇ ಹೋಗಿ ಕುರಿ ಆರಿಸಿದ.
ಅಳೆದೂ ಸುರಿದೂ ಹನ್ನೆರಡು ದಿನ.

ಸೇರ್‌ಗೆಲೆನ್‌ನ ಲಾರಿಯಲ್ಲಿ ಕುರಿಗಳ ಜೊತೆ ನಿಂತು ಹೋದೆ.
ನ್ಯಾಮ್‌ಸುರೆನ್ ಪೆಟ್ಟಿಗೆ ತೆರೆದು ಫೋನನ್ನು ಹೊರಗೆ ತಂದ,
ಬಿಸಿಲಿಗೆ ಹಿಡಿದ, ಉಸಿರು ಬಿಟ್ಟು ಒರೆಸಿದ.
ದೂರದ್ದನ್ನು ಹತ್ತಿರ ತರುತ್ತದೆ ದುಲ್ಮಾ,
ಚಂದ್ರನ ಕುಳಿ ಎಣಿಸಬಹುದು.
ಎಣಿಸಿ ಯಾರಿಗೆ ಮಾರಲಿ?
ಎಂದೆ, ಆದರೂ ಕೈಗವಸು ತೆಗೆದೆ.
ತೆಂಕಣ ಗುಡ್ಡದ ಕಡೆ ಹಿಡಿದು
ಬೆರಳೆರಡು ಅಗಲಿಸಿದೆ.
ಕಲ್ಲು.
ಕಲ್ಲು.
ಇನ್ನೊಂದು ಕಲ್ಲು,
ಅದು ಎದ್ದು ನಿಂತಿತು.
ಎಡಕ್ಕೆ ವಾಲಿದ ಡುಬ್ಬ, ಹರಿದ ಕಿವಿ,
ಮೂಗಿನಲ್ಲಿ ನಾನೇ ಹೊಸೆದ ಹಗ್ಗದ ತುಂಡು:
ಹನ್ನೊಂದು ದಿನದಿಂದ ಕಾಣೆಯಾದ ನಮ್ಮ ಹೆಣ್ಣೊಂಟೆ!

ನೋಡಿದೆಯಾ, ಅಂದ ನ್ಯಾಮ್‌ಸುರೆನ್,
ತನ್ನ ದುಡ್ಡು ತಾನೇ ದುಡಿದುಕೊಟ್ಟಿತು.
ಹೌದಪ್ಪ, ಅಂದೆ, ಅದರ ಕೆಲಸ ಮುಗಿಯಿತಲ್ಲ.
ಬಾಯಿಂದ ಬಿದ್ದುಹೋಯಿತು, ಕಿವಿ ಬಿಸಿಯಾಯಿತು.
ಫೋನು ಅವನ ಕೈಗಿತ್ತೆ,
ಅಂಗೈಗೆ ತಟ್ಟನೆ ಚಳಿ.

ಒಂದು ಕುರಿ ಕೊಟ್ಟು ಹಳೆಯದಕ್ಕೆ ಬ್ಯಾಟರಿ ಹಾಕಿಸಿದೆ,
ಚಿಲ್ಲರೆಗೆ ಬದಲು ಹಿಟ್ಟು, ಎರಡು ಇಟ್ಟಿಗೆ ಚಹಾ.
ಉಳಿದ ಮೂರು ಕುರಿ, ಆ ಆಡು
ಪರೀಕ್ಷೆ ಮುಂದೆ ಹೋದ ಹುಡುಗರ ಹಾಗೆ ಲಾರಿಯಲ್ಲಿ ವಾಪಸು.
ನಾನು ಒಂಟೆಯ ಮೇಲೆ ಹಿಂದಿನಿಂದ ಬಂದೆ.

ಬ್ಯಾಟರಿ ಚೆನ್ನಾಗಿದೆ. ಹೇಳಿದಷ್ಟು ಪರ್ಸೆಂಟ್ ಇರುತ್ತದೆ.
ಲಗ್ವಾನಿಗೆ ಹೇಳದ್ದು ಒಂದಿದೆ:
ಅಂಗಡಿಯ ಮುಂದೆ ನಿಂತು ಮೊದಲು ಬರಿಗಣ್ಣಲ್ಲೇ ನೋಡಿದ್ದೆ.
ಗುಡ್ಡವೇ ಇರಲಿಲ್ಲ ಅಲ್ಲಿ,
ಬೂದಿ ಬಣ್ಣದ ಉಣ್ಣೆ ಹಾಸಿತ್ತು.

ವಾರಕ್ಕೊಮ್ಮೆ ನ್ಯಾಮ್‌ಸುರೆನ್ ಫೋನ್ ಮಾಡುತ್ತಾನೆ.
ಒಂಟೆ ಏನಾದರೂ ಕಳೆದಿದೆಯಾ?
ಇಲ್ಲ, ಅನ್ನುತ್ತೇನೆ, ನಗುತ್ತೇವೆ.
ನಿನ್ನೆ ನಗು ಮುಗಿದ ಮೇಲೂ ಅವನು ಇಡಲಿಲ್ಲ:
ಆಡಿನ ಬೆಲೆ ಬಿಟ್ಟಿದ್ದೇನೆ,
ಈಗ ಬರೀ ನಾಲ್ಕು ಕುರಿ.