ತಲೆ ಎಣಿಕೆ

ನೈಫ್ ರಸ್ತೆಯ ಮಸೀದಿ ಪಕ್ಕ ಏಳೂವರೆಗೆ ಬಸ್ಸು.
ಕಿತ್ತಳೆ ಬಣ್ಣದ ಕೊಡೆ ಹಿಡಿದ ಮಾರಿಸೆಲ್
ಮೆಟ್ಟಿಲ ಮೇಲೆ ನಿಂತು ನಮ್ಮ ತಲೆ ಎಣಿಸಿದಳು,
ಬೆರಳಲ್ಲಿ ಅಲ್ಲ, ಗದ್ದದಲ್ಲಿ.
ಮೂವತ್ತೆಂಟು.

ಇದು ನನಗೆ ಹೋಟೆಲ್ಲಿನವರ ಬಹುಮಾನ:
ಹನ್ನೊಂದು ತಿಂಗಳು ಒಂದೂ ಹಾಸು ಸುಡದೆ
ಇಸ್ತ್ರಿ ಎಳೆದದ್ದಕ್ಕೆ ಒಂದು ದಿನದ ವಸಂತ,
ಜತೆಗೆ ಪೊಟ್ಟಣದ ಬಿರಿಯಾನಿ, ಎರಡು ಬಾಟಲಿ ನೀರು.
ನೆಲಮಾಳಿಗೆಯ ಲಾಂಡ್ರಿಯವನಿಗೆ ಗೊತ್ತಿರುವ ಋತು ಎರಡೇ:
ಕಂಬಳಿ ಬರುವುದು, ಕಂಬಳಿ ಬರದಿರುವುದು.

ಪಕ್ಕದ ಸೀಟಿನಲ್ಲಿ ಬೀದರಿನ ಶಾಕಿರಾಬಾನು,
ಮಗಳ ಬಾಣಂತನಕ್ಕೆ ಬಂದು
ಹದಿನೇಳನೇ ಮಹಡಿಯಿಂದ ನಲವತ್ತು ದಿನಕ್ಕೆ ಇಳಿದವರು.
"ಯಾವೂರಪ್ಪಾ?" ಭಟ್ಕಳ, ಅಂದೆ.
"ಅಲ್ಲಿ ಹೂವಿಲ್ಲೇನು, ಇಲ್ಲಿ ನೋಡಾಕ ಹೊಂಟೀದಿ?"
ಉತ್ತರಕ್ಕೆ ಕಾಯದೆ ಅವರೇ ನಕ್ಕು
ಡ್ರೈವರನ ಹೆಸರಿನ ಬಿಲ್ಲೆ ಓದಿದರು. ಗುಲ್ ಜಮಾನ್.
"ಗುಲ್ ಅಂದ್ರ ಹೂವು. ಬಸ್ಸಿನಾಗs ಒಂದು ಐತಿ ನೋಡು."
ಆ ಹೂವಿಗೆ ಬಿಳಿ ಗಡ್ಡ, ಸ್ವಾತ್ ಕಣಿವೆಯದು,
ಕನ್ನಡಿಯಲ್ಲಿ ನಮ್ಮ ಕಡೆ ನೋಡಿ ಗೇರು ಹಾಕಿತು.

ದಾರಿಯುದ್ದ ಗಾಜು. ಆಮೇಲೆ ಕ್ರೇನು.
ಆಮೇಲೆ ಯಾರೂ ಇನ್ನೂ ಕೊಳ್ಳದ ಮರಳು.
ಅದರ ನಡುವೆ, ಟಿಕೆಟ್ಟಿನ ಗೇಟಿನಾಚೆ,
ಅಬ್ಬಾ ಅಂದದ್ದು ನಾನಲ್ಲ, ನನ್ನ ಬಾಯಿ.
ವಿಮಾನದ ಮೈಗೆಲ್ಲ ಪೆಟೂನಿಯಾ!
ನಾನು ಬಂದ ವಿಮಾನಕ್ಕೆ ಒಂದೂ ಹೂವಿರಲಿಲ್ಲ.
ಹೂವಿನ ಆನೆ, ಹೂವಿನ ಗಡಿಯಾರ,
ಹತ್ತಾಳು ಎತ್ತರದ ಹೂಲಂಗದ ಹೆಂಗಸು,
ಅವಳ ಸೆರಗಿನಡಿ ಬೆನ್ನು ತಿರುಗಿಸಿ ನಿಂತು
ತಮ್ಮದೇ ಮುಖ ತೆಗೆದುಕೊಳ್ಳುತ್ತಿರುವ ಜನ.
"ವಾಸನೀನs ಇಲ್ಲಲ್ಲೋ," ಅಂದರು ಶಾಕಿರಾಬಾನು,
ಮೂಗು ಪೂರಾ ಹೂವಲ್ಲಿಟ್ಟು.

ಇಷ್ಟಕ್ಕೂ ನೀರು ಎಲ್ಲಿಂದ, ಯಾರೋ ಕೇಳಿದರು.
ಮಾರಿಸೆಲ್ ಬಾಯಿಪಾಠ ಒಪ್ಪಿಸಿದಳು:
ಊರಿನ ಬಚ್ಚಲ ನೀರು. ಸೋಸಿ, ತೊಳೆದು, ಕೊಳವೆಯಲ್ಲಿ.
ಮೂವತ್ತೇಳು ಮೂಗು ಸುಕ್ಕಾದವು.
ನಾನು ಮೊಣಕಾಲೂರಿ ಕೂತೆ.
ಎಲೆಗಳ ಕೆಳಗೆ ಕಪ್ಪು ಪೈಪು, ಸೂಜಿಕಣ್ಣು,
ಒಂದು ಹನಿ. ಸ್ವಲ್ಪ ತಡೆದು, ಇನ್ನೊಂದು.

ಬಾ ಮಾರಾಯ, ಅಂದೆ ಹನಿಗೆ, ನಿನ್ನ ಪರಿಚಯ ಉಂಟು.
ಮದುವೆ ರಾತ್ರಿಯ ಹಾಸಿನಿಂದ ಹೋದವನು ನೀನು,
ಚೆಲ್ಲಿದ ದಾಳಿಂಬೆ ರಸದಿಂದ,
ತಾಯಿ ಹೇಳಬೇಡಿ ಎಂದು ಐದು ದಿರ್ಹಮ್ ಕೊಟ್ಟ
ಹುಡುಗನ ಉಚ್ಚೆಯಿಂದ.
ಆರುನೂರ ಹದಿನಾಲ್ಕರಲ್ಲಿ ಒಬ್ಬರು ತೀರಿಕೊಂಡರಲ್ಲ,
ಆ ಹಾಸನ್ನು ನಾನು ಎರಡು ಸಲ ಒಗೆದೆ.
ಒಂದು ಕೊಳೆಗೆ. ಇನ್ನೊಂದು, ಯಾಕೋ, ಹಾಗೇ.
ಎಲ್ಲಿಗೆ ಹೋಯಿತು ಎಂದು ಯೋಚಿಸಿರಲಿಲ್ಲ.
ಆನೆಯ ಎಡಗಿವಿ ನೇರಳೆ ಬಣ್ಣದ್ದು.
ಅದನ್ನೇ ನೋಡುತ್ತ ಎಷ್ಟು ಹೊತ್ತು ಕೂತೆನೋ,
ಕಾವಲಿನವನು ಸೀಟಿ ಊದಿದ.

ಏಳುವಾಗ ಬಿದ್ದ ಒಂದು ಹೂ ಎತ್ತಿಕೊಂಡೆ.
ಕಿತ್ತದ್ದಲ್ಲ. ಕೇಳಿದರೆ ಹಾಗೆ ಹೇಳುವವನಿದ್ದೆ.
ಯಾರೂ ಕೇಳಲಿಲ್ಲ.
ಮೇ ತಿಂಗಳಲ್ಲಿ ಎಲ್ಲವನ್ನೂ ಬುಡಸಮೇತ ತೆಗೆಯುತ್ತಾರಂತೆ,
ಆನೆಯ ತಂತಿಯಷ್ಟೇ ಬಿಸಿಲಿಗೆ ನಿಲ್ಲುತ್ತದಂತೆ.

ಸಂಜೆ ಬಸ್ಸಿನ ಬಾಗಿಲಲ್ಲಿ ಮತ್ತೆ ಗದ್ದ ಆಡಿತು.
ಮೂವತ್ತೊಂಬತ್ತು.
ಮಾರಿಸೆಲ್ ಗಾಬರಿ. ಮತ್ತೆ ಎಣಿಸಿದಳು. ಮೂವತ್ತೊಂಬತ್ತು.
ಕಡಿಮೆಯಾದರೆ ಹುಡುಕಬಹುದು,
ಹೆಚ್ಚಾದವರನ್ನು ಎಲ್ಲಿ ಬಿಟ್ಟು ಬರುವುದು?
ನೋಡಿದರೆ ನಮ್ಮ ನಡುವೆಯೇ ಗುಲ್ ಜಮಾನ್,
ಶಾಕಿರಾಬಾನು ಫೋನಿನ ಮೇಲೆ ಬಗ್ಗಿ
ಆರು ವರ್ಷ ಹೊರಗೆ ಬಸ್ಸು ನಿಲ್ಲಿಸಿದ ತೋಟವನ್ನು
ಒಂದೊಂದೇ ಬೆರಳಲ್ಲಿ ಸರಿಸಿ ನೋಡುತ್ತಿದ್ದ.
"ಆನೆ ಯಾವ ಕಡೆ?" ಅಂತ ಕೇಳಿದ.

ಹೂ ಅವನಿಗೆ ಕೊಡಬೇಕೆಂದಿದ್ದೆ. ಮರೆತೆ.
ಮರುದಿನ ನನ್ನದೇ ಅಂಗಿ ಒಗೆಯಲು ತೆಗೆದರೆ
ಜೇಬಿನಲ್ಲಿ ನೇರಳೆ ಕಲೆ, ಅಂಗೈಯಷ್ಟು ಅಗಲ.
ತೆಗೆಯುವುದು ಹೇಗೆಂದು ಗೊತ್ತು:
ತಣ್ಣೀರು, ವಿನೆಗರ್, ಅರ್ಧ ಗಂಟೆ.
ಅಂಗಿಯನ್ನು ಮಡಚಿ ಹಾಗೇ ಒಳಗಿಟ್ಟೆ.